ಶನಿವಾರಕ್ಕೆ ಮುನ್ನ ಆರು ದಿನ

ಅಮೆರಿಕದ ವಿಶ್ವವಿದ್ಯಾಲಯಗಳ ನಡುವಿನ ಫುಟ್‌ಬಾಲ್‌ನಲ್ಲಿ ಒಂದು ತಂಡ ಒಂದು ಋತುವಿನಲ್ಲಿ ಆಡುವ ನಿಗದಿತ ಪಂದ್ಯಗಳು ಸಾಮಾನ್ಯವಾಗಿ 12 ಮಾತ್ರ. ಅದೇ ದೇಶದ ವೃತ್ತಿಪರ ಬೇಸ್‌ಬಾಲ್ ತಂಡವೊಂದು ವರ್ಷಕ್ಕೆ 162 ಪಂದ್ಯಗಳನ್ನು ಆಡುತ್ತದೆ. ಈ ಒಂದು ಅಂತರವನ್ನು ನೆನಪಿನಲ್ಲಿಟ್ಟುಕೊಂಡರೆ, ಕಾಲೇಜು ಫುಟ್‌ಬಾಲ್ ಅಭಿಮಾನಿಯ ವರ್ತನೆಯಲ್ಲಿ ಹೊರಗಿನವರಿಗೆ ಅತಿರೇಕವೆಂದು ತೋರುವ ಎಷ್ಟೋ ಸಂಗತಿಗಳಿಗೆ ಕಾರಣ ಹೊಳೆಯುತ್ತದೆ. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ವಾರಕ್ಕೊಂದರಂತೆ, ಬಹುಮಟ್ಟಿಗೆ ಶನಿವಾರಗಳಂದೇ ನಡೆಯುವ ಈ ಪಂದ್ಯಗಳಲ್ಲಿ ಒಂದನ್ನು ಸೋತರೆ ಮರುದಿನವೇ ಅದನ್ನು ಸರಿಪಡಿಸಿಕೊಳ್ಳುವ ಅವಕಾಶವಿಲ್ಲ; ಎರಡನ್ನು ಸೋತರೆ, ಇತ್ತೀಚಿನವರೆಗಿನ ವ್ಯವಸ್ಥೆಯಲ್ಲಿ, ಆ ವರ್ಷದ ರಾಷ್ಟ್ರೀಯ ಪ್ರಶಸ್ತಿಯ ಆಸೆಯನ್ನು ಬಹುತೇಕ ಕೈಬಿಟ್ಟಂತೆಯೇ ಆಗುತ್ತಿತ್ತು. ಹೀಗಾಗಿ ಮೂರೂವರೆ ಗಂಟೆಗಳ ಆಟವೊಂದಕ್ಕೆ ಆರು ದಿನಗಳ ನಿರೀಕ್ಷೆ ಅಂಟಿಕೊಂಡಿದ್ದು, ಅಭಿಮಾನಿಯ ಮನಸ್ಸನ್ನು ಆಟಕ್ಕಿಂತ ಹೆಚ್ಚು ಹೊತ್ತು ಆಳುವುದು ಈ ನಿರೀಕ್ಷೆಯೇ ಆಗಿದೆ. ಅದರ ಸ್ವರೂಪವನ್ನು ಅರಿಯಲು ಓಹಿಯೊ ಸ್ಟೇಟ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ತಂಡಗಳ ನಡುವೆ ಪ್ರತಿವರ್ಷ ನವೆಂಬರ್ ಕೊನೆಯಲ್ಲಿ ನಡೆಯುವ ಹಣಾಹಣಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆ ಪಂದ್ಯವನ್ನು ಅಲ್ಲಿಯ ಜನ ಬೇರೆ ವಿಶೇಷಣದ ಹಂಗಿಲ್ಲದೆ ‘ದ ಗೇಮ್’ ಎಂದಷ್ಟೇ ಕರೆಯುತ್ತಾರೆ.

ಈ ಫುಟ್‌ಬಾಲ್ ನಮ್ಮ ಓದುಗರಿಗೆ ಪರಿಚಿತವಾದ ಕಾಲ್ಚೆಂಡಾಟಕ್ಕಿಂತ ಬೇರೆ. ತಲಾ 11 ಆಟಗಾರರ ಎರಡು ತಂಡಗಳು 100 ಯಾರ್ಡ್ ಉದ್ದದ ಮೈದಾನದಲ್ಲಿ, ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಲೋ ಮುಂದಕ್ಕೆ ಎಸೆಯುತ್ತಲೋ ಎದುರಾಳಿಯ ಕೊನೆಯ ಗೆರೆಯತ್ತ ಒಯ್ಯುತ್ತವೆ. ಚೆಂಡು ಯಾರ ಬಳಿ ಇದೆಯೋ ಆ ತಂಡ ‘ಡೌನ್’ ಎಂಬ ಹೆಸರಿನ ನಾಲ್ಕು ಪ್ರಯತ್ನಗಳಲ್ಲಿ ಕನಿಷ್ಠ 10 ಯಾರ್ಡ್ ಮುಂದೆ ಸಾಗಬೇಕು, ಸಾಗಿದರೆ ಮತ್ತೆ ನಾಲ್ಕು ಪ್ರಯತ್ನಗಳು ದೊರೆಯುತ್ತವೆ, ಸಾಗದಿದ್ದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಚೆಂಡನ್ನು ಗೆರೆ ದಾಟಿಸುವ ‘ಟಚ್‌ಡೌನ್’ಗೆ 6 ಅಂಕ, ಕಂಬಗಳ ನಡುವೆ ಒದೆಯುವ ‘ಫೀಲ್ಡ್ ಗೋಲ್’ಗೆ 3 ಅಂಕ. ಪ್ರತಿ ಪ್ರಯತ್ನದಲ್ಲಿ ಚೆಂಡನ್ನು ಮೊದಲು ಪಡೆದು, ಓಡಬೇಕೋ ಎಸೆಯಬೇಕೋ ಎಂಬುದನ್ನು ಕ್ಷಣಾರ್ಧದಲ್ಲಿ ತೀರ್ಮಾನಿಸುವ ಆಟಗಾರ ‘ಕ್ವಾರ್ಟರ್‌ಬ್ಯಾಕ್’. ವಾರವಿಡೀ ನಡೆಯುವ ಚರ್ಚೆಯ ಅರ್ಧ ಭಾಗ ಅವನೊಬ್ಬನ ಬಲಾಬಲ ಕುರಿತದ್ದೇ ಆಗಿರುತ್ತದೆ. ಪ್ರತಿ ಪ್ರಯತ್ನದ ಬಳಿಕ ಆಟ ನಿಂತು, ಎರಡೂ ಕಡೆಯವರು ಹೊಸದಾಗಿ ವ್ಯೂಹ ರಚಿಸಿಕೊಳ್ಳುವುದರಿಂದ ಇದು ಮುನ್ನೋಟಕ್ಕೆ, ಲೆಕ್ಕಾಚಾರಕ್ಕೆ, ಸೋತ ಮೇಲೆ ‘ಹಾಗೆ ಆಡಿದ್ದರೆ’ ಎಂಬ ಕೊನೆಯಿಲ್ಲದ ಹಳಹಳಿಕೆಗೆ ಹೇಳಿ ಮಾಡಿಸಿದ ಆಟವಾಗಿದೆ.

ಇದರ ಚರಿತ್ರೆಯನ್ನು ಸಾಮಾನ್ಯವಾಗಿ 1869ರ ನವೆಂಬರ್ 6ರಿಂದ ಎಣಿಸುತ್ತಾರೆ. ಅಂದು ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ ರಟ್‌ಗರ್ಸ್ ಕಾಲೇಜು ಪ್ರಿನ್ಸ್‌ಟನ್ ತಂಡವನ್ನು 6–4ರಿಂದ ಸೋಲಿಸಿತು. ಯೇಲ್‌ನ ವಾಲ್ಟರ್ ಕ್ಯಾಂಪ್ 1880ರ ದಶಕದಲ್ಲಿ ನಿಯಮಗಳನ್ನು ತಿದ್ದಿ ಇಂದಿನ ಆಟದ ಬುನಾದಿ ಹಾಕಿದರು. 1905ರಲ್ಲಿ ಮೈದಾನದ ಸಾವುನೋವುಗಳು ದೇಶದ ಚಿಂತೆಯಾಗಿ, ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಪ್ರಮುಖ ವಿಶ್ವವಿದ್ಯಾಲಯಗಳವರನ್ನು ಕರೆಸಿ ಮಾತನಾಡಿದ ಮೇಲೆ, 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವುದಕ್ಕೆ ಅನುಮತಿ ದೊರೆತು ಆಟದ ಚಹರೆಯೇ ಬದಲಾಯಿತು. ವೃತ್ತಿಪರ ಫುಟ್‌ಬಾಲ್ ಬೇರೂರುವುದಕ್ಕೆ ದಶಕಗಳ ಮುಂಚೆಯೇ ಕಾಲೇಜು ಫುಟ್‌ಬಾಲ್ ಊರೂರಿನ ಹೆಮ್ಮೆಯಾಗಿ ನೆಲೆಗೊಂಡಿತ್ತು ಎಂಬುದು ಇಲ್ಲಿ ಮುಖ್ಯವಾದ ಮಾತು.

ಆ ಹೆಮ್ಮೆಯ ಗಾತ್ರವನ್ನು ಕ್ರೀಡಾಂಗಣಗಳೇ ಹೇಳುತ್ತವೆ. ಮಿಷಿಗನ್ ವಿಶ್ವವಿದ್ಯಾಲಯವಿರುವ ಆ್ಯನ್ ಆರ್ಬರ್ ಸುಮಾರು 1.2 ಲಕ್ಷ ಜನಸಂಖ್ಯೆಯ ಊರು. ಅಲ್ಲಿ 1927ರಲ್ಲಿ ಕಟ್ಟಿದ ಕ್ರೀಡಾಂಗಣದಲ್ಲಿ ಇಂದು 1,07,601 ಆಸನಗಳಿವೆ, ಅಂದರೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಎರಡೂವರೆ ಪಟ್ಟಿಗಿಂತ ಹೆಚ್ಚು. ಓಹಿಯೊದ ರಾಜಧಾನಿ ಕೊಲಂಬಸ್‌ನಲ್ಲಿ 1922ರಲ್ಲಿ ಕುದುರೆಲಾಳದ ಆಕಾರದಲ್ಲಿ ಕಟ್ಟಿದ ಓಹಿಯೊ ಸ್ಟೇಟ್ ಕ್ರೀಡಾಂಗಣದಲ್ಲೂ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಕೊಲಂಬಸ್ ದೊಡ್ಡ ನಗರವಾದರೂ ಅದಕ್ಕೆ ತನ್ನದೇ ಆದ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನ ವೃತ್ತಿಪರ ತಂಡವಿಲ್ಲ; ಆ ಜಾಗವನ್ನೆಲ್ಲ ವಿಶ್ವವಿದ್ಯಾಲಯದ ತಂಡವೇ ತುಂಬಿದೆ. ಕರ್ನಾಟಕದಲ್ಲಿ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಗಳು ಖಾಲಿ ಗ್ಯಾಲರಿಗಳ ಮುಂದೆ ನಡೆದು ಮುಗಿಯುವುದನ್ನು ಕಂಡವರಿಗೆ ಇದು ನಂಬಲು ಕಷ್ಟವಾದೀತು. ಆದರೆ ಅಲ್ಲಿ ಆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಕೂಲಿಕಾರನೂ, ರೈತನೂ ಅದರ ಬಣ್ಣದ ಅಂಗಿ ತೊಟ್ಟು ತಂಡವನ್ನು ತನ್ನ ರಾಜ್ಯದ ಪ್ರತಿನಿಧಿಯೆಂದೇ ಭಾವಿಸುತ್ತಾನೆ.

ಎರಡು ರಾಜ್ಯಗಳ ವೈಮನಸ್ಯ ಫುಟ್‌ಬಾಲ್‌ಗಿಂತಲೂ ಹಳೆಯದು. 1835–36ರಲ್ಲಿ ಟೊಲಿಡೊ ಪಟ್ಟಣ ಮತ್ತು ಅದರ ಸುತ್ತಲಿನ ಕಿರಿದಾದ ಭೂಭಾಗ ತನ್ನದೆಂದು ಓಹಿಯೊ ರಾಜ್ಯವೂ, ಆಗಿನ್ನೂ ರಾಜ್ಯದ ಸ್ಥಾನ ಪಡೆಯದಿದ್ದ ಮಿಷಿಗನ್ ಪ್ರಾಂತ್ಯವೂ ಪಟ್ಟು ಹಿಡಿದು, ಎರಡೂ ಕಡೆ ಸೈನಿಕ ಪಡೆಗಳು ಸಜ್ಜಾಗುವ ಮಟ್ಟಕ್ಕೆ ಜಗಳ ಬೆಳೆದಿತ್ತು; ಕೊನೆಗೆ ಟೊಲಿಡೊ ಓಹಿಯೊಗೆ ಸೇರಿ, ಉತ್ತರದ ಪರ್ಯಾಯ ದ್ವೀಪದ ವಿಶಾಲ ಪ್ರದೇಶ ಪರಿಹಾರವಾಗಿ ಮಿಷಿಗನ್‌ಗೆ ದಕ್ಕಿ, 1837ರಲ್ಲಿ ಅದು ರಾಜ್ಯವಾಯಿತು. ಎರಡು ತಂಡಗಳು ಮೊದಲು ಎದುರಾದದ್ದು 1897ರಲ್ಲಿ, ಮಿಷಿಗನ್ 34–0ರಿಂದ ಗೆದ್ದಿತು. 1918ರಿಂದೀಚೆಗೆ, ಕೋವಿಡ್‌ನಿಂದ ರದ್ದಾದ 2020ರ ಪಂದ್ಯವನ್ನು ಬಿಟ್ಟರೆ, ಒಂದು ವರ್ಷವೂ ತಪ್ಪಿಲ್ಲ.

ಇಂಥ ಪಂದ್ಯ ಮುಂದಿರುವಾಗ ಅಭಿಮಾನಿಯ ವಾರ ಹಿಂದಿನ ಶನಿವಾರದ ರಾತ್ರಿಯೇ ಆರಂಭವಾಗುತ್ತದೆ. ಭಾನುವಾರ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಶ್ರೇಯಾಂಕ ಪಟ್ಟಿ ಹೊರಬೀಳುತ್ತದೆ. 1936ರಿಂದ ನಡೆದುಬಂದಿರುವ ಈ ಪಟ್ಟಿಯಲ್ಲಿ ಕ್ರೀಡಾ ಪತ್ರಕರ್ತರು ಮತ ಹಾಕಿ ದೇಶದ ಮೊದಲ 25 ತಂಡಗಳನ್ನು ಗೊತ್ತುಮಾಡುತ್ತಾರೆ. ನವೆಂಬರ್ ತಿಂಗಳಲ್ಲಿ ಮಂಗಳವಾರಗಳಂದು ಇನ್ನೊಂದು ಪಟ್ಟಿ ಬರುತ್ತದೆ, ಅದರ ತೂಕವೇ ಬೇರೆ: 13 ಸದಸ್ಯರ ಸಮಿತಿಯೊಂದು ಸಿದ್ಧಪಡಿಸುವ ಈ ಪಟ್ಟಿಯ ಆಧಾರದ ಮೇಲೆಯೇ ರಾಷ್ಟ್ರೀಯ ಪ್ರಶಸ್ತಿಗಾಗಿ ಸೆಣಸುವ ತಂಡಗಳ ಆಯ್ಕೆ ನಡೆಯುತ್ತದೆ. ನೂರಮೂವತ್ತಕ್ಕೂ ಹೆಚ್ಚು ತಂಡಗಳು ತಲಾ 12 ಪಂದ್ಯಗಳನ್ನಷ್ಟೇ ಆಡುವಾಗ ಎಲ್ಲರೂ ಎಲ್ಲರನ್ನೂ ಎದುರಿಸಲಾಗದು. ಆದ್ದರಿಂದ ಯಾರು ಮೇಲು ಎಂಬುದನ್ನು ಅಂಕಪಟ್ಟಿಯೊಂದೇ ತೀರ್ಮಾನಿಸದೆ, ಮನುಷ್ಯರ ಅಭಿಪ್ರಾಯವೂ ಸೇರಿ ತೀರ್ಮಾನಿಸಬೇಕಾಗುತ್ತದೆ. ಕಾಲೇಜು ಫುಟ್‌ಬಾಲ್ ಅಭಿಮಾನಿ ಸದಾ ವಕೀಲನಂತೆ ವಾದಿಸುವುದಕ್ಕೆ ಮೂಲ ಇದೇ. ತನ್ನ ತಂಡ ಗೆದ್ದರಷ್ಟೇ ಅವನಿಗೆ ಸಾಲದು, ಹಿಂದೆ ತಾನು ಸೋಲಿಸಿದ ತಂಡಗಳೂ ಬೇರೆಡೆ ಗೆದ್ದು ತನ್ನ ಗೆಲುವಿನ ಬೆಲೆ ಏರಿಸಬೇಕು. ಹೀಗಾಗಿ ಒಂದೇ ಶನಿವಾರ ಅವನು ಬೇರೆ ತಂಡಗಳ ಐದಾರು ಪಂದ್ಯಗಳ ಮೇಲೂ ಕಣ್ಣಿಡುತ್ತಾನೆ.

ವಾರದ ನಡುವಿನ ದಿನಗಳು ಗಾಯಾಳುಗಳ ಸುದ್ದಿಗೆ ಮೀಸಲು. ಕೋಚ್‌ಗಳು ತಮ್ಮ ಆಟಗಾರರ ಸ್ಥಿತಿಯನ್ನು ರಾಜ್ಯರಹಸ್ಯದಂತೆ ಕಾಪಾಡುತ್ತ ಬಂದದ್ದರಿಂದ, ಪತ್ರಿಕಾಗೋಷ್ಠಿಯಲ್ಲಿ ಅವರು ನುಂಗಿದ ಮಾತುಗಳಿಗೂ ಅಭಿಮಾನಿಗಳು ಅರ್ಥ ಹಚ್ಚುತ್ತಿದ್ದರು; ಈ ಎರಡು ತಂಡಗಳು ಸೇರಿರುವ ‘ಬಿಗ್ ಟೆನ್’ ಒಕ್ಕೂಟ 2023ರಿಂದ ಪಂದ್ಯಕ್ಕೆ ಮುನ್ನ ಯಾರು ಲಭ್ಯ, ಯಾರು ಅಲಭ್ಯ ಎಂಬ ವರದಿಯನ್ನು ಕಡ್ಡಾಯ ಮಾಡಿದೆಯಾದರೂ, ಅದು ಬರುವುದು ಆಟಕ್ಕೆ ಕೆಲವೇ ಗಂಟೆ ಮೊದಲು. ಹಾಗೆಂದು ಎದುರಾಳಿಯನ್ನು ಮುಂಚಿತವಾಗಿ ಅರಿಯುವ ಹಂಬಲ ಅಭಿಮಾನಿಗಳಿಗಷ್ಟೇ ಸೀಮಿತವಲ್ಲ. ಮುಂದೆ ಎದುರಾಗಲಿರುವ ತಂಡದ ಪಂದ್ಯಗಳಿಗೆ ಖುದ್ದಾಗಿ ಹೋಗಿ ಗೂಢಚಾರಿಕೆ ಮಾಡುವುದನ್ನು 1994ರಿಂದ ನಿಯಮ ನಿಷೇಧಿಸಿದೆ. ಮಿಷಿಗನ್ ಸಿಬ್ಬಂದಿ ಆ ರೀತಿ ಎದುರಾಳಿಗಳ ಸಂಕೇತಗಳನ್ನು ಕದ್ದರೆಂಬ ಪ್ರಕರಣದಲ್ಲಿ 2023ರಲ್ಲಿ ಬಿಗ್ ಟೆನ್ ಒಕ್ಕೂಟ ಅದರ ಮುಖ್ಯ ಕೋಚ್ ಜಿಮ್ ಹಾರ್ಬೊ ಅವರನ್ನು ಋತುವಿನ ಕೊನೆಯ ಮೂರು ನಿಗದಿತ ಪಂದ್ಯಗಳಿಂದ ಹೊರಗಿಟ್ಟಿತು. ಓಹಿಯೊ ಸ್ಟೇಟ್ ವಿರುದ್ಧದ ಪಂದ್ಯವೂ ಆ ಮೂರರಲ್ಲಿ ಒಂದಾಗಿತ್ತು, ಮತ್ತು ಮಿಷಿಗನ್ ಅದನ್ನು 30–24ರಿಂದ ಗೆದ್ದಿತು ಎಂಬುದು ಕೊಲಂಬಸ್‌ನವರ ಹೊಟ್ಟೆಯಲ್ಲಿ ಇನ್ನೂ ಕರಗದ ತುತ್ತು.

ನಿರೀಕ್ಷೆಗೆ ಸಂಖ್ಯೆಯ ರೂಪ ಕೊಡುವುದು ಬಾಜಿಯ ಲೆಕ್ಕ. ‘ಪಾಯಿಂಟ್ ಸ್ಪ್ರೆಡ್’ ಎಂದರೆ ಬಲಿಷ್ಠ ತಂಡ ಎಷ್ಟು ಅಂಕಗಳ ಅಂತರದಿಂದ ಗೆಲ್ಲಬಹುದೆಂಬ ಅಂದಾಜು. ಆ ಅಂತರವನ್ನು ದಾಟಿ ಗೆದ್ದರೆ ಮಾತ್ರ ಅದರ ಮೇಲೆ ಹಣ ಹೂಡಿದವನಿಗೆ ಲಾಭ, ಗೆದ್ದರೂ ಅಂತರ ಕಡಿಮೆಯಾದರೆ ನಷ್ಟ. 2018ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಕ್ರೀಡಾ ಬಾಜಿಗೆ ಅವಕಾಶ ಕೊಡದಂತೆ ರಾಜ್ಯಗಳನ್ನು ತಡೆದಿದ್ದ ಕೇಂದ್ರ ಕಾಯ್ದೆಯನ್ನು ರದ್ದುಪಡಿಸಿದ ಮೇಲೆ ಈ ಸಂಖ್ಯೆ ಗುಟ್ಟಿನ ಮಾತಾಗಿ ಉಳಿಯದೆ ದೂರದರ್ಶನದ ಪರದೆಯ ಮೇಲೆ ರಾಜಾರೋಷವಾಗಿ ಕಾಣಿಸಿಕೊಳ್ಳತೊಡಗಿತು. ಇಪ್ಪತ್ತರ ಆಸುಪಾಸಿನ ಹುಡುಗರ ತಪ್ಪೊಪ್ಪುಗಳ ಮೇಲೆ ಜನ ಹಣ ಕಟ್ಟುವುದು, ಸೋತವರು ಆ ಹುಡುಗರನ್ನೇ ನಿಂದಿಸುವುದು ಈ ಆಟದ ಅತ್ಯಂತ ಹೇಸಿಗೆಯ ಮುಖವೆಂದು ಹೇಳದೆ ವಿಧಿಯಿಲ್ಲ. ಬಾಜಿ ಕಟ್ಟದ ಅಭಿಮಾನಿಗೂ ಆ ಅಂಕೆ ಒಂದು ಬಗೆಯ ಪಂಚಾಂಗವಾಗಿದೆ. ಅನುಕೂಲವಾಗಿದ್ದರೆ ಅದನ್ನು ನಂಬುತ್ತಾನೆ, ಪ್ರತಿಕೂಲವಾಗಿದ್ದರೆ ಅದನ್ನು ತಯಾರಿಸಿದವರಿಗೆ ಫುಟ್‌ಬಾಲ್ ಗೊತ್ತಿಲ್ಲವೆನ್ನುತ್ತಾನೆ.

ಈ ಪಕ್ಷಪಾತದ ಅಧ್ಯಯನಕ್ಕೆ ಮನೋವಿಜ್ಞಾನಿಗಳು ಆರಿಸಿಕೊಂಡದ್ದೂ ಕಾಲೇಜು ಫುಟ್‌ಬಾಲನ್ನೇ. 1951ರ ನವೆಂಬರ್‌ನಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ನಡುವೆ ಒರಟಾದ ಪಂದ್ಯವೊಂದು ನಡೆದು, ಪ್ರಿನ್ಸ್‌ಟನ್‌ನ ತಾರೆ ಡಿಕ್ ಕಾಜ್‌ಮೈಯರ್ ಅವರ ಮೂಗು ಮುರಿಯಿತು. ಆಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ವಿದ್ವಾಂಸರು ಆ ಪಂದ್ಯದ ಚಿತ್ರಸುರುಳಿಯನ್ನು ಎರಡೂ ಕಾಲೇಜುಗಳ ವಿದ್ಯಾರ್ಥಿಗಳಿಗೆ ತೋರಿಸಿ ನಿಯಮಭಂಗಗಳನ್ನು ಎಣಿಸಲು ಹೇಳಿದಾಗ, ಡಾರ್ಟ್‌ಮತ್ ತಂಡದ ತಪ್ಪುಗಳು ಡಾರ್ಟ್‌ಮತ್ ವಿದ್ಯಾರ್ಥಿಗಳಿಗೆ ಕಂಡದ್ದಕ್ಕಿಂತ ಎರಡು ಪಟ್ಟು ಪ್ರಿನ್ಸ್‌ಟನ್ ವಿದ್ಯಾರ್ಥಿಗಳಿಗೆ ಕಂಡವು. 1954ರಲ್ಲಿ ಪ್ರಕಟವಾದ ಈ ಅಧ್ಯಯನ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ನಡೆದುಹೋದ ಪಂದ್ಯವನ್ನೇ ಹೀಗೆ ನೋಡುವವರು ನಡೆಯಲಿರುವ ಪಂದ್ಯವನ್ನು ಹೇಗೆ ನೋಡಿಯಾರು ಎಂಬುದನ್ನು ಊಹಿಸುವುದು ಕಷ್ಟವಲ್ಲ. ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಓಹಿಯೊ ಸ್ಟೇಟ್ ಮತ್ತು ಮಿಷಿಗನ್ ಸೇರಿ ಏಳು ವಿಶ್ವವಿದ್ಯಾಲಯಗಳ ತರಗತಿಗಳನ್ನು ಗಮನಿಸಿ, ತಂಡ ಗೆದ್ದ ಮರು ಸೋಮವಾರ ವಿಶ್ವವಿದ್ಯಾಲಯದ ಹೆಸರು, ಲಾಂಛನಗಳಿರುವ ಉಡುಪು ತೊಟ್ಟು ಬರುವ ವಿದ್ಯಾರ್ಥಿಗಳು ಹೆಚ್ಚೆಂಬುದನ್ನು ತೋರಿಸಿತು. ಗೆದ್ದಾಗ ‘ನಾವು ಗೆದ್ದೆವು’ ಎನ್ನುವ ಪ್ರವೃತ್ತಿ ಹೆಚ್ಚು, ಸೋತಾಗ ‘ಅವರು ಸೋತರು’ ಎನ್ನುವ ಪ್ರವೃತ್ತಿ ಹೆಚ್ಚು ಎಂಬುದೂ ಅದೇ ಅಧ್ಯಯನದ ಭಾಗ. ಪಂದ್ಯಕ್ಕೆ ಮುನ್ನಿನ ವಾರದಲ್ಲಿ ಈ ‘ನಾವು’ ತನ್ನ ತುಂಬು ಕಾಂತಿಯಲ್ಲಿರುತ್ತದೆ, ಏಕೆಂದರೆ ಆಗಿನ್ನೂ ಯಾರೂ ಸೋತಿರುವುದಿಲ್ಲ.

ಅಂಕಿಅಂಶಗಳು ಕೈಕೊಟ್ಟಾಗ ಅಭಿಮಾನಿ ಚರಿತ್ರೆಯ ಮೊರೆ ಹೋಗುತ್ತಾನೆ, ಈ ಹಣಾಹಣಿಯ ಚರಿತ್ರೆಯಾದರೋ ಅವನನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. 1950ರ ನವೆಂಬರ್ 25ರಂದು ಕೊಲಂಬಸ್‌ನಲ್ಲಿ ಹಿಮಬಿರುಗಾಳಿಯ ನಡುವೆ ನಡೆದ ಪಂದ್ಯದಲ್ಲಿ ಮಿಷಿಗನ್ ಒಂದೇ ಒಂದು ಬಾರಿಯೂ ನಾಲ್ಕು ಪ್ರಯತ್ನಗಳಲ್ಲಿ 10 ಯಾರ್ಡ್ ಸಾಗಲಾರದೆ ಹೋದರೂ 9–3ರಿಂದ ಗೆದ್ದಿತು. ಓಹಿಯೊ ಸ್ಟೇಟ್‌ನ ಕೋಚ್ ವೆಸ್ ಫೆಸ್ಲರ್ ಆ ಋತುವಿನ ನಂತರ ಹುದ್ದೆ ತೊರೆದರು, ಅವರ ಜಾಗಕ್ಕೆ 1951ರಲ್ಲಿ ಬಂದ ವುಡಿ ಹೇಯ್ಸ್ 28 ಋತುಗಳ ಕಾಲ ಅಲ್ಲೇ ಉಳಿದರು. ಹೇಯ್ಸ್ ಅವರಿಗೆ ಎದುರಾಳಿ ರಾಜ್ಯದ ಹೆಸರೆತ್ತುವುದೇ ಅಸಹ್ಯವಾಗಿ, ‘ಉತ್ತರದ ಆ ತಂಡ’ ಎನ್ನುತ್ತಿದ್ದರು. 1969ರಲ್ಲಿ ಅವರ ತಂಡ ಸತತ 22 ಗೆಲುವುಗಳೊಂದಿಗೆ ದೇಶದ ಅಗ್ರಸ್ಥಾನದಲ್ಲಿ ನಿಂತು ಆ್ಯನ್ ಆರ್ಬರ್‌ಗೆ ಬಂದಾಗ, ಹಿಂದೆ ಅವರದೇ ಶಿಷ್ಯನೂ ಸಹಾಯಕನೂ ಆಗಿದ್ದು ಆ ವರ್ಷವಷ್ಟೇ ಮಿಷಿಗನ್ ಕೋಚ್ ಆದ ಬೊ ಶೆಂಬೆಕ್ಲರ್ 24–12ರಿಂದ ಗುರುವನ್ನು ಮಣಿಸಿದರು. ಅಲ್ಲಿಂದ 1978ರವರೆಗಿನ ಅವರಿಬ್ಬರ ಸೆಣಸಾಟವನ್ನು ‘ಹತ್ತು ವರ್ಷಗಳ ಯುದ್ಧ’ ಎಂದೇ ಕರೆಯುತ್ತಾರೆ. 1973ರಲ್ಲಿ ಸೋಲರಿಯದ ಎರಡೂ ತಂಡಗಳು 10–10ರಲ್ಲಿ ಸಮಬಲ ಸಾಧಿಸಿದವು. ಆಗಿನ ಕಟ್ಟಳೆಯಂತೆ ಬಿಗ್ ಟೆನ್‌ನ ಒಂದು ತಂಡಕ್ಕೆ ಮಾತ್ರ ಋತುವಿನ ಬಳಿಕ ಕ್ಯಾಲಿಫೋರ್ನಿಯಾದಲ್ಲಿ ನಡೆಯುವ ರೋಸ್ ಬೌಲ್ ಪಂದ್ಯಕ್ಕೆ ಹೋಗಲು ಅವಕಾಶವಿದ್ದುದರಿಂದ ಒಕ್ಕೂಟದ ಕ್ರೀಡಾ ನಿರ್ದೇಶಕರು ಮತ ಹಾಕಿ 6–4ರಿಂದ ಓಹಿಯೊ ಸ್ಟೇಟನ್ನು ಕಳಿಸಿದರು. ಮಿಷಿಗನ್ ಆ ವರ್ಷ ಒಂದೂ ಪಂದ್ಯ ಸೋಲದೆ ಮನೆಯಲ್ಲೇ ಉಳಿಯಿತು. ಐವತ್ತು ವರ್ಷ ಕಳೆದರೂ ಆ ಮತದಾನದ ಮಾತು ಬಂದರೆ ಅಲ್ಲಿಯ ಹಿರಿಯರ ಮುಖ ಕೆಂಪೇರುವುದು ಸಹಜವೇ.

ಪಂದ್ಯದ ವಾರ ಸಮೀಪಿಸಿದಂತೆ ನಿರೀಕ್ಷೆ ಆಚರಣೆಯ ರೂಪ ತಾಳುತ್ತದೆ. ಓಹಿಯೊ ಸ್ಟೇಟ್ ಆವರಣದ ಫಲಕಗಳಲ್ಲಿ ಕಾಣುವ ಇಂಗ್ಲಿಷಿನ ‘ಎಂ’ ಅಕ್ಷರಗಳ ಮೇಲೆಲ್ಲ, ಅದು ಮಿಷಿಗನ್‌ನ ಮೊದಲ ಅಕ್ಷರವೆಂಬ ಕಾರಣಕ್ಕೆ, ಕೆಂಪು ಪಟ್ಟಿಯಿಂದ ಅಡ್ಡಗೆರೆ ಹಾಕುತ್ತಾರೆ. ಮಿಷಿಗನ್ನನ್ನು ಸೋಲಿಸಿದ ಓಹಿಯೊ ಸ್ಟೇಟ್ ಆಟಗಾರರಿಗೆ 1934ರಿಂದ ಚಿನ್ನದ ಬಣ್ಣದ ಪುಟ್ಟ ಷರಾಯಿಯ ಪದಕ ಕೊಡುವ ರೂಢಿಯಿದೆ. ಎದುರಾಳಿಗಳೂ ಎಲ್ಲರಂತೆ ಒಂದೊಂದೇ ಕಾಲು ತೂರಿಸಿ ಷರಾಯಿ ತೊಡುವವರೇ ಎಂದು ಆಗಿನ ಕೋಚ್ ಫ್ರಾನ್ಸಿಸ್ ಶ್ಮಿಟ್ ಆಡಿದ ಮಾತು ಇದರ ಮೂಲ. ಶನಿವಾರ ಬೆಳಗಿನ ಜಾವದಿಂದಲೇ ಕ್ರೀಡಾಂಗಣದ ಸುತ್ತಲಿನ ಬಯಲುಗಳಲ್ಲಿ ‘ಟೇಲ್‌ಗೇಟ್’ ಕೂಟಗಳು ನೆರೆಯುತ್ತವೆ, ಅಂದರೆ ಜನ ತಮ್ಮ ವಾಹನಗಳ ಹಿಂಬಾಗಿಲು ತೆರೆದು, ಒಲೆ ಹೂಡಿ, ಮಾಂಸ ಸುಟ್ಟು, ಗುರುತಿಲ್ಲದವರನ್ನೂ ಕರೆದು ಊಟಕ್ಕೆ ಕೂರಿಸುತ್ತಾರೆ. ಇಎಸ್‌ಪಿಎನ್ ವಾಹಿನಿಯ ‘ಕಾಲೇಜ್ ಗೇಮ್‌ಡೇ’ ಕಾರ್ಯಕ್ರಮ 1993ರಿಂದ ಪಂದ್ಯ ನಡೆಯುವ ಊರಿಗೇ ಹೋಗಿ ನೇರ ಪ್ರಸಾರ ನೀಡುತ್ತ, ಕಾಯುವ ಹೊತ್ತನ್ನೇ ಮಾರಾಟದ ಸರಕಾಗಿಸಿದೆ. ಅದರಲ್ಲಿ ಲೀ ಕೋರ್ಸೊ ತಾವು ಗೆಲ್ಲುವುದೆಂದು ಊಹಿಸಿದ ತಂಡದ ಲಾಂಛನಪ್ರಾಣಿಯ ಮುಖವಾಡ ತೊಡುವ ಪದ್ಧತಿ 1996ರಲ್ಲಿ ಕೊಲಂಬಸ್‌ನಲ್ಲೇ ಆರಂಭವಾಗಿ, ಅವರು ನಿವೃತ್ತರಾದ 2025ರ ಆಗಸ್ಟ್ ಕೊನೆಯವರೆಗೆ ನಡೆಯಿತು.

ಇತ್ತೀಚೆಗೆ ಈ ನಿರೀಕ್ಷೆಯ ತಳಹದಿಯೇ ಅಲುಗುತ್ತಿದೆ ಎಂಬ ಆತಂಕ ಹಳೆಯ ಅಭಿಮಾನಿಗಳಲ್ಲಿದೆ. 2018ರ ಅಕ್ಟೋಬರ್‌ನಲ್ಲಿ ಬಂದ ‘ಟ್ರಾನ್ಸ್‌ಫರ್ ಪೋರ್ಟಲ್’, ಅಂದರೆ ಆಟಗಾರರು ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗಲು ಹೆಸರು ನೋಂದಾಯಿಸುವ ವ್ಯವಸ್ಥೆ, ಮತ್ತು 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಕೊಟ್ಟು ಹಣ ಗಳಿಸಲು ದೊರೆತ ಅನುಮತಿ, ಇವೆರಡೂ ಸೇರಿ ತಂಡಗಳನ್ನು ವರ್ಷ ವರ್ಷ ಹೊಸದಾಗಿಸುತ್ತಿವೆ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿ ಒಪ್ಪಂದದಂತೆ ವಿಶ್ವವಿದ್ಯಾಲಯಗಳೇ ತಮ್ಮ ಕ್ರೀಡಾಪಟುಗಳಿಗೆ ನೇರವಾಗಿ, ಮೊದಲ ವರ್ಷ ಪ್ರತಿ ವಿಶ್ವವಿದ್ಯಾಲಯ ಒಟ್ಟು ಸುಮಾರು 2.05 ಕೋಟಿ ಡಾಲರ್‌ವರೆಗೆ, ಆದಾಯದ ಪಾಲು ಕೊಡಬಹುದು. ಲಕ್ಷಾಂತರ ಜನರನ್ನು ಸೆಳೆದು ಕೋಟಿಗಟ್ಟಲೆ ಗಳಿಸಿಕೊಡುವ ಹುಡುಗರಿಗೆ ಶತಮಾನದ ಕಾಲ ಸಂಬಳ ಕೊಡದೆ, ಅದನ್ನೇ ಶುದ್ಧತೆಯೆಂದು ಕರೆದದ್ದು ನ್ಯಾಯವಾಗಿರಲಿಲ್ಲ; ಈ ಬದಲಾವಣೆ ತಡವಾಗಿ ಬಂದ ನ್ಯಾಯವೇ. ಆದರೆ ನಾಲ್ಕು ವರ್ಷ ಒಬ್ಬನೇ ಹುಡುಗ ಬೆಳೆಯುವುದನ್ನು ನೋಡುತ್ತ ಮುಂದಿನ ವರ್ಷಕ್ಕೆ ಕಾಯುತ್ತಿದ್ದ ಸುಖ ಕಡಿಮೆಯಾಗಿದೆ ಎಂಬ ಕೊರಗಿನಲ್ಲೂ ಸುಳ್ಳಿಲ್ಲ.

ಇನ್ನೊಂದು ಬದಲಾವಣೆ ಪಂದ್ಯದ ತೂಕಕ್ಕೇ ಕೈಹಾಕಿತು. 2014ರಿಂದ ನಾಲ್ಕು ತಂಡಗಳಿಗಷ್ಟೇ ಇದ್ದ ರಾಷ್ಟ್ರೀಯ ಪ್ರಶಸ್ತಿ ಸುತ್ತನ್ನು 2024ರಲ್ಲಿ 12 ತಂಡಗಳಿಗೆ ವಿಸ್ತರಿಸಿದಾಗ, ಇನ್ನು ಮುಂದೆ ಒಂದು ಸೋಲಿಗೆ ಅರ್ಥವಿರದು, ಈ ಹಣಾಹಣಿಯೂ ಸಪ್ಪೆಯಾದೀತು ಎಂದು ಹಲವರು ಹೇಳಿದರು. ಆ ವರ್ಷದ ಪಂದ್ಯವೇ ಇದಕ್ಕೆ ಪರೀಕ್ಷೆಯಾಯಿತು. ನವೆಂಬರ್ 30ರಂದು ದೇಶದ ಎರಡನೆಯ ಶ್ರೇಯಾಂಕದ ಓಹಿಯೊ ಸ್ಟೇಟ್ ತನ್ನ ನೆಲದಲ್ಲಿ, 11ರಲ್ಲಿ ಐದು ಪಂದ್ಯ ಸೋತು ಬಂದಿದ್ದ ಮಿಷಿಗನ್ನನ್ನು ಎದುರಿಸಿತು. ಬಾಜಿಯ ಲೆಕ್ಕ ಆತಿಥೇಯರಿಗೆ ಸುಮಾರು 20 ಅಂಕಗಳ ಗೆಲುವನ್ನು ಅಂದಾಜಿಸಿತ್ತು. ಮಿಷಿಗನ್ ಕೊನೆಯ ನಿಮಿಷದ ಫೀಲ್ಡ್ ಗೋಲ್‌ನಿಂದ 13–10ರಲ್ಲಿ ಗೆದ್ದಿತು. ಗೆದ್ದವರು ಮೈದಾನದ ನಡುವೆ ಬಾವುಟ ನೆಡಲು ಹೋಗಿ ಹೊಡೆದಾಟವಾಗಿ, ಪೊಲೀಸರು ಖಾರದ ದ್ರಾವಣ ಸಿಂಪಡಿಸಬೇಕಾಯಿತು, ಒಕ್ಕೂಟ ಎರಡೂ ವಿಶ್ವವಿದ್ಯಾಲಯಗಳಿಗೆ ತಲಾ ಒಂದು ಲಕ್ಷ ಡಾಲರ್ ದಂಡ ವಿಧಿಸಿತು, ಓಹಿಯೊ ಸ್ಟೇಟ್ ಅಭಿಮಾನಿಗಳಲ್ಲಿ ಅನೇಕರು ಕೋಚ್ ರಯನ್ ಡೇ ಅವರನ್ನು ತೆಗೆದುಹಾಕಬೇಕೆಂದು ಕೂಗೆಬ್ಬಿಸಿದರು. ಅದೇ ತಂಡ ಹೊಸ ವ್ಯವಸ್ಥೆಯ ದೆಸೆಯಿಂದ ಪ್ರಶಸ್ತಿ ಸುತ್ತಿಗೆ ಅರ್ಹತೆ ಪಡೆದು, 2025ರ ಜನವರಿ 20ರಂದು ನಾಟರ್ ಡೇಮ್ ತಂಡವನ್ನು 34–23ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಅಷ್ಟಾದರೂ ಮುಂದಿನ ಋತು ಆರಂಭವಾದಾಗ ಕೊಲಂಬಸ್‌ನಲ್ಲಿ ಮೊದಲು ಕೇಳಿಬಂದ ಪ್ರಶ್ನೆ ಮಿಷಿಗನ್ ವಿರುದ್ಧ 2021ರಿಂದ ನಡೆದ ಸತತ ನಾಲ್ಕು ಸೋಲುಗಳ ಸರಣಿ ಯಾವಾಗ ಮುರಿದೀತು ಎಂಬುದೇ. 2025ರ ನವೆಂಬರ್ 29ರಂದು ಆ್ಯನ್ ಆರ್ಬರ್‌ನಲ್ಲಿ 27–9ರ ಗೆಲುವಿನೊಂದಿಗೆ ಅದು ಮುರಿಯಿತು. ಪ್ರಶಸ್ತಿಯ ವ್ಯವಸ್ಥೆ ಹೇಗೆ ಬದಲಾದರೂ ಈ ಒಂದು ಪಂದ್ಯದ ನಿರೀಕ್ಷೆ ಪ್ರಶಸ್ತಿಯನ್ನು ಅವಲಂಬಿಸಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಉನ್ನತ ವ್ಯಾಸಂಗಕ್ಕಾಗಿ ಇಂಥ ವಿಶ್ವವಿದ್ಯಾಲಯಗಳಿಗೆ ಹೋಗುವ ಕನ್ನಡದ ವಿದ್ಯಾರ್ಥಿಗಳು ಆರಂಭದಲ್ಲಿ ನಿಯಮ ತಿಳಿಯದೆ, ಚಪ್ಪಾಳೆಗೆ ಚಪ್ಪಾಳೆ ಸೇರಿಸಿ, ಎರಡು ಋತು ಕಳೆಯುವುದರೊಳಗೆ ತಾವೂ ‘ನಾವು’ ಎನ್ನತೊಡಗುವುದುಂಟು. ಊರಿಗೆ ಮರಳಿದ ಮೇಲೂ ಆ ಗೀಳು ಕೆಲವರನ್ನು ಬಿಡುವುದಿಲ್ಲ. ಕುತೂಹಲವುಳ್ಳ ಓದುಗರು ಒಮ್ಮೆ ಇದನ್ನು ನೋಡಬಹುದು: ಬೆಸ ಸಂಖ್ಯೆಯ ವರ್ಷಗಳಲ್ಲಿ ಆ್ಯನ್ ಆರ್ಬರ್‌ನಲ್ಲೂ ಸಮಸಂಖ್ಯೆಯ ವರ್ಷಗಳಲ್ಲಿ ಕೊಲಂಬಸ್‌ನಲ್ಲೂ ನವೆಂಬರ್ ಕೊನೆಯ ಶನಿವಾರ ನಡೆಯುವ ಈ ಪಂದ್ಯ ರೂಢಿಯಂತೆ ಅಲ್ಲಿಯ ನಡುಮಧ್ಯಾಹ್ನ 12 ಗಂಟೆಗೆ, ಅಂದರೆ ಭಾರತದ ಕಾಲಮಾನದಲ್ಲಿ ಅದೇ ದಿನ ರಾತ್ರಿ 10.30ಕ್ಕೆ ಆರಂಭವಾಗುತ್ತದೆ.